ಸಣ್ಣ ಮತ್ತು ಮಧ್ಯಮ ಉದ್ಯಮಗಳ ಸಾಮಾಜಿಕ ಹೊಣೆಗಾರಿಕೆ (ಭಾರತ)

ಸಣ್ಣ ಮತ್ತು ಮಧ್ಯಮ ಉದ್ಯಮಗಳು ಕಾರ್ಮಿಕರು, ಊರು ಮತ್ತು ಪರಿಸರದ ಹಿತಕ್ಕಾಗಿ ಕೈಗೊಂಡ ಕೆಲಸಗಳ ಮತ್ತು ಅವುಗಳ ಹಿಂದಿನ ಪ್ರೇರಣೆಗಳ ಇತಿಹಾಸ. ಇದು 2013ರ ಕಂಪನಿ ಕಾಯ್ದೆಯಿಂದ ಆರಂಭವಾಯಿತೆಂದು ಹಲವರು ಬರೆದಿದ್ದಾರೆ. ಸಣ್ಣ ಉದ್ಯಮಗಳ ಮಟ್ಟಿಗೆ ಈ ಮಾತು ನಿಲ್ಲುವುದಿಲ್ಲ. ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕೆನ್ನುವ, ಕಾಯ್ದೆಯ 135ನೆಯ ಕಲಂ ಅನ್ವಯಿಸುವುದು 500 ಕೋಟಿ ರೂ. ನಿವ್ವಳ ಮೌಲ್ಯ, 1,000 ಕೋಟಿ ರೂ. ವಹಿವಾಟು, 5 ಕೋಟಿ ರೂ. ನಿವ್ವಳ ಲಾಭ, ಇವುಗಳಲ್ಲಿ ಒಂದನ್ನಾದರೂ ಮುಟ್ಟಿದ ಕಂಪನಿಗಳಿಗೆ. ಒಬ್ಬರೇ ಮಾಲೀಕರಿರುವ ಅಂಗಡಿ, ಪಾಲುದಾರಿಕೆಯ ಕಾರ್ಖಾನೆಗಳು ಎಷ್ಟೇ ಗಳಿಸಿದರೂ ಅದರ ವ್ಯಾಪ್ತಿಗೆ ಬರುವುದಿಲ್ಲ. ಸಣ್ಣ ಉದ್ಯಮಗಳಲ್ಲಿ ಹೆಚ್ಚಿನವು ಇಂಥವೇ.

ವರ್ತಕರ ದಾನದ ಪರಂಪರೆ ಹಳೆಯದು. ಅಯ್ಯಾವೊಳೆಯ ಐನೂರ್ವರೆಂಬ ವರ್ತಕ ಸಂಘದವರು ತಮ್ಮ ಸರಕಿನ ಮೇಲೆ ತಾವೇ ತೆರಿಗೆ ಹಾಕಿಕೊಂಡು ದೇಗುಲಗಳಿಗೆ ಬಿಟ್ಟದ್ದನ್ನು ಕನ್ನಡ ಶಾಸನಗಳು ಹೇಳುತ್ತವೆ. ಮುಂದೆ ಉತ್ತರ ಭಾರತದ ವ್ಯಾಪಾರಿಗಳು ಬಿಲ್ಲಿನಲ್ಲೇ ದಾನಕ್ಕೆಂದು 'ಧರ್ಮಾದಾ' ವಸೂಲಿ ಮಾಡುತ್ತಿದ್ದರು. ಆ ಹಣ ವರ್ತಕನ ಆದಾಯವಲ್ಲವೆಂದು ಸುಪ್ರೀಂ ಕೋರ್ಟ್ ಬಿಜಲಿ ಕಾಟನ್ ಮಿಲ್ಸ್ ಪ್ರಕರಣದಲ್ಲಿ ತೀರ್ಮಾನಿಸಿತು. ಧರ್ಮಾದಾವನ್ನೇ ಇಂದಿನ ಹೊಣೆಗಾರಿಕೆಯ ಮೂಲವೆನ್ನುವುದು ಆತುರದ ಮಾತು: ಅದನ್ನು ಕೊಟ್ಟವನು ಗಿರಾಕಿ, ಮತ್ತು ಕೂಲಿಯವರ ಸ್ಥಿತಿಗತಿ ಆ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ.

ಕೂಲಿಯವರ ಪ್ರಶ್ನೆ ಮುಂದೆ ಬಂದದ್ದು 1990ರ ದಶಕದಲ್ಲಿ, ರಫ್ತಿನ ಊರುಗಳಲ್ಲಿ. ಪಾಕಿಸ್ತಾನದ ಸಿಯಾಲ್‌ಕೋಟ್‌ನಲ್ಲಿ ಮಕ್ಕಳು ಫುಟ್‌ಬಾಲ್ ಹೊಲಿಯುತ್ತಿದ್ದುದು ಜಗತ್ತಿನ ಸುದ್ದಿಯಾಗಿ, ಅದನ್ನು ತಡೆಯಲು 1997ರಲ್ಲಿ ಅಟ್ಲಾಂಟಾ ಒಪ್ಪಂದವಾಯಿತು. ಅದೇ ಕಸುಬಿನ ಪಂಜಾಬಿನ ಜಲಂಧರದಲ್ಲಿ ರಫ್ತುದಾರರು 1998ರಲ್ಲಿ ಸ್ಪೋರ್ಟ್ಸ್ ಗೂಡ್ಸ್ ಫೌಂಡೇಶನ್ ಆಫ್ ಇಂಡಿಯಾ ಕಟ್ಟಿ, ಹೊಲಿಗೆ ನಡೆಯುವ ಮನೆಗಳ ತಪಾಸಣೆಗೆ ಏರ್ಪಾಡು ಮಾಡಿದರು. ಅವರ ಪ್ರೇರಣೆಯ ಬಗ್ಗೆ ಒಮ್ಮತವಿಲ್ಲ. ವಿದೇಶಿ ಖರೀದಿದಾರರು ಕೈಬಿಟ್ಟಾರೆಂಬ ಭಯವೇ ಕಾರಣವೆಂಬುದು ಒಂದು ವಾದ. ಒಬ್ಬನ ತಪ್ಪಿಗೆ ಊರಿನ ಕಸುಬೇ ಕೆಡುತ್ತದೆಂಬ ಅರಿವಿನಿಂದ ಪೈಪೋಟಿಗಾರರು ಒಂದಾದರೆಂಬುದು ಇನ್ನೊಂದು. ಎರಡಕ್ಕೂ ಆಧಾರಗಳಿವೆ. ಆದರೆ ಹೊಲಿಯುವವರ ಕೂಲಿ ಎಷ್ಟು ಸುಧಾರಿಸಿತು ಎಂಬ ಪ್ರಶ್ನೆಗೆ ಈ ಚರ್ಚೆಯಲ್ಲಿ ಸಿಕ್ಕ ಗಮನ ಕಡಿಮೆ, ಕೇಳಬೇಕಾದದ್ದು ಅದನ್ನೇ.

ಮೊದಲು ಹೇಳಿದ ಕಂಪನಿ ಕಾಯ್ದೆಯ 135ನೆಯ ಕಲಂ 2014ರ ಏಪ್ರಿಲ್ 1ರಂದು ಜಾರಿಗೆ ಬಂತು. ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟು ಖರ್ಚು ಮಾಡುವ ಈ ನಿಯಮ 5 ಕೋಟಿಯ ಲಾಭದ ಮಿತಿಯಿಂದಾಗಿ ಕೆಲವು ಮಧ್ಯಮ ಕಂಪನಿಗಳನ್ನೂ ಮುಟ್ಟಿತು. ಖರ್ಚಿನ ಬಾಧ್ಯತೆ 50 ಲಕ್ಷ ರೂ. ಮೀರದ ಕಂಪನಿಗಳಿಗೆ ಇದಕ್ಕೆಂದು ಪ್ರತ್ಯೇಕ ಸಮಿತಿ ಬೇಡವೆಂಬ ವಿನಾಯಿತಿ 2021ರ ಜನವರಿಯಲ್ಲಿ ಬಂತು.

ಸಣ್ಣ ಉದ್ಯಮಗಳ ಮೇಲಿನ ಈಚಿನ ಒತ್ತಡ ದೊಡ್ಡ ಗಿರಾಕಿಗಳದು. ಷೇರುಪೇಟೆಯಲ್ಲಿ ಪಟ್ಟಿಯಾದ ದೊಡ್ಡ ಕಂಪನಿಗಳು ತಮಗೆ ಸರಕು ಒದಗಿಸುವವರ ಪರಿಸರ ಮತ್ತು ಕಾರ್ಮಿಕ ವಿವರಗಳನ್ನೂ ಪ್ರಕಟಿಸಬೇಕೆಂಬ ಚೌಕಟ್ಟನ್ನು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2023ರಲ್ಲಿ ತಂದು, 2025ರಲ್ಲಿ ಅದನ್ನು ಐಚ್ಛಿಕಗೊಳಿಸಿತು.