ಅಕ್ಕ ದ್ಯಾಮವ್ವ, ತಂಗಿ ದುರಗವ್ವ

1998ರ ಅಕ್ಟೋಬರ್ 7ರಂದು ಅಮೆರಿಕದ ಟಿ.ವಿ.ಯಲ್ಲಿ ‘ಚಾರ್ಮ್ಡ್’ ಧಾರಾವಾಹಿಯ ಮೊದಲ ಕಂತು ಬಂತು. ಸ್ಯಾನ್‌ಫ್ರಾನ್ಸಿಸ್ಕೋದ ಹಳೆಯ ಮನೆ, ಅಜ್ಜಿ ತೀರಿಹೋಗಿದ್ದಾಳೆ, ಮೂವರು ಅಕ್ಕತಂಗಿಯರು ಅಲ್ಲಿ ಮತ್ತೆ ಕೂಡುತ್ತಾರೆ. ಕಿರಿಯವಳಾದ ಫೀಬಿ ಅಟ್ಟ ಹತ್ತಿ, ಅಲ್ಲಿ ಸಿಕ್ಕ ಹಳೆಯ ಗ್ರಂಥದ ಮಂತ್ರ ಓದುತ್ತಾಳೆ. ಅಲ್ಲಿಂದ ಮುಂದೆ ಹಿರಿಯವಳು ಪ್ರೂ ಮುಟ್ಟದೆಯೇ ವಸ್ತು ಸರಿಸುತ್ತಾಳೆ, ನಡುವಿನವಳು ಪೈಪರ್ ಕಾಲವನ್ನೇ ತಡೆದು ನಿಲ್ಲಿಸುತ್ತಾಳೆ, ಫೀಬಿಗೆ ಮುಂದಾಗುವುದು ಕಾಣತೊಡಗುತ್ತದೆ. ಮೂವರೂ ಕೂಡಿದಾಗಲೇ ಪೂರ್ತಿ ಬಲ. ಮಗಳು ಈ ಕಂತನ್ನು ಹಾಕಿ ತೋರಿಸಿದಾಗ ನನಗೆ ಅದು ಪರದೇಶದ ಕಥೆ ಅನ್ನಿಸಲೇ ಇಲ್ಲ. ಲಕ್ಷ್ಮೇಶ್ವರದ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಕೂಡಿ ನಿಂತ ಅಕ್ಕತಂಗಿಯರೆಂದರೆ ದ್ಯಾಮವ್ವ, ದುರಗವ್ವ.

ನಮ್ಮ ಕಡೆ ಇವರ ಮೂರ್ತಿಗಳು ಬಹಳ ಊರುಗಳಲ್ಲಿ ಕಟ್ಟಿಗೆಯವು. ಕೈತುಂಬ ಆಯುಧ, ಮೈತುಂಬ ಬಣ್ಣ, ಅಗಲವಾಗಿ ತೆರೆದ ಕಣ್ಣು. ದೊಡ್ಡ ಜಾತ್ರೆ ವರ್ಷಾ ಬರುವುದಿಲ್ಲ. ಹಲವು ವರ್ಷಕ್ಕೊಮ್ಮೆ ಹಿರಿಯರು ಕೂಡಿ ನಿಶ್ಚಯ ಮಾಡಬೇಕು, ಮೂರ್ತಿಗಳಿಗೆ ಹೊಸ ಬಣ್ಣ ಆಗಬೇಕು, ಊರು ವಾರ ಹಿಡಿಯಬೇಕು. ವಾರ ಹಿಡಿದರೆ ಗೊತ್ತುಮಾಡಿದ ದಿನ ಎತ್ತು ಹೂಡುವಂತಿಲ್ಲ, ಕುಟ್ಟುವಂತಿಲ್ಲ, ಬೀಸುವಂತಿಲ್ಲ. ಕೆಲವು ಊರುಗಳಲ್ಲಿ ಹೊರಬೀಡು ಬಿಡುತ್ತಾರೆ: ಮನೆಗಳಿಗೆ ಬಾಗಿಲು ಹಾಕಿಕೊಂಡು, ದನಕರು ಸಮೇತ ಇಡೀ ಊರು ಹೊರಗೆ ಹೋಗಿ ಅಡಿಗೆ ಮಾಡಿ ಉಣ್ಣುತ್ತದೆ. ಆಮೇಲೆ ಹೊನ್ನಾಟ. ಭಂಡಾರ ತೂರುತ್ತ, ದೇವಿಯರನ್ನು ಹೊತ್ತು, ಓಣಿ ಓಣಿ ಕುಣಿಯುತ್ತಾರೆ. ಕಡೆಗೆ ಹೆಂಗಸರು ಸಾಲುಗಟ್ಟಿ ಉಡಿ ತುಂಬುತ್ತಾರೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಎಲೆ ಅಡಿಕೆ, ಕುಬುಸದ ಕಣ. ತವರಿಗೆ ಬಂದ ಮಗಳಿಗೆ ತುಂಬುವ ಉಡಿಯೇ ಅದು, ಒಂದು ಕಾಳೂ ಬೇರೆಯಲ್ಲ.

ನಮ್ಮವ್ವ ಹೇಳುತ್ತಿದ್ದಳು: “ದ್ಯಾಮವ್ವ ಹಿರ್ಯಾಕಿ, ಸಮಾಧಾನದಾಕಿ. ದುರಗವ್ವ ಭಾಳ ಕಡಕ್. ಆಕಿನ್ನ ಮರೀಬಾರದು ನೋಡವಾ.” ಮರೆತರೆ ಏನಾಗುತ್ತಿತ್ತು ಎಂಬುದು ಅವಳ ಅವ್ವನ ಕಾಲದವರಿಗೆ ಚೆನ್ನಾಗಿ ಗೊತ್ತಿತ್ತು. ಮೈಲಿ, ಕಾಲರಾ, ಪ್ಲೇಗು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರ ಹೊತ್ತಿಗೆ ಹುಬ್ಬಳ್ಳಿ, ಧಾರವಾಡವನ್ನು ಹಿಂಡಿತು. ಹಾಫ್ಕಿನ್ ಕಂಡುಹಿಡಿದ ಲಸಿಕೆಯನ್ನು ಆಗ ಹುಬ್ಬಳ್ಳಿಯಲ್ಲಿ ಸಾವಿರಾರು ಜನರಿಗೆ ಚುಚ್ಚಿದರು. ಸುತ್ತಲೂ ಬ್ರಿಟಿಷರ ಧಾರವಾಡ ಜಿಲ್ಲೆ, ನಡುವೆ ಮಿರಜ ಸಂಸ್ಥಾನಕ್ಕೆ ಸೇರಿದ ನಮ್ಮ ಲಕ್ಷ್ಮೇಶ್ವರ. ಸರಕಾರದ ಗಡಿ ಬ್ಯಾನಿಯನ್ನು ತಡೆಯುವಂಥದ್ದಲ್ಲ. ಜನ ನಂಬಿದ್ದು ಬೇರೆ ಗಡಿಯನ್ನು: ಬ್ಯಾನಿಯ ದೇವಿಗೆ ಎಡೆಕೊಟ್ಟು, ಚರಗ ಚೆಲ್ಲಿ, ಅವಳನ್ನು ಊರ ಸೀಮೆ ದಾಟಿಸಿ ಬರುತ್ತಿದ್ದರು. ಬ್ಯಾನಿ ತಂದವಳೂ ಅವಳೇ, ಒಯ್ಯುವವಳೂ ಅವಳೇ. ಬೈದು ಓಡಿಸಿದವರಿಲ್ಲ, ಕೈಮುಗಿದೇ ಕಳಿಸಿದರು.

ಈ ನಂಬಿಕೆಯ ಬೇರು ಬಹಳ ಆಳಕ್ಕಿದೆ. ನಮ್ಮ ಊರು ಪುಲಿಗೆರೆ ಎನಿಸಿಕೊಂಡಿದ್ದ ಕಾಲದಲ್ಲಿ, ಪುಲಿಗೆರೆ ಮುನ್ನೂರು ಎಂಬ ನಾಡಿನ ಮೇಲೆ ಬಾದಾಮಿ ಚಾಲುಕ್ಯರ ಆಳ್ವಿಕೆ ಇತ್ತು. ಆ ಅರಸರು ತಮ್ಮ ಶಾಸನಗಳಲ್ಲಿ ಹೇಳಿಕೊಂಡದ್ದೇನು? ತಾವು ಹಾರೀತಿಯ ಮಕ್ಕಳು, ಸಪ್ತಮಾತೃಕೆಯರು ಸಾಕಿ ಬೆಳೆಸಿದವರು ಎಂದು. ಬ್ರಾಹ್ಮಿ, ಮಾಹೇಶ್ವರಿ, ಕೌಮಾರಿ, ವೈಷ್ಣವಿ, ವಾರಾಹಿ, ಇಂದ್ರಾಣಿ, ಚಾಮುಂಡೆ. ಐಹೊಳೆಯ ರಾವಣಫಡಿ ಗುಹೆಯಲ್ಲಿ ಕುಣಿಯುವ ಶಿವನ ಸುತ್ತ ಇವರನ್ನು ಇವತ್ತಿಗೂ ಕಾಣಬಹುದು. ಆದರೆ ಮಾತೃಕೆಯರು ಮೊದಲಿನಿಂದ ಸೌಮ್ಯರಲ್ಲ. ಮಹಾಭಾರತದ ವನಪರ್ವದಲ್ಲಿ ಅವರು ಸ್ಕಂದನಲ್ಲಿ ಮಕ್ಕಳನ್ನೇ ಬೇಡುತ್ತಾರೆ. ಹದಿನಾರು ವರ್ಷದವರೆಗೆ ಮಕ್ಕಳನ್ನು ಕಾಡುವ ಅಧಿಕಾರ ಅವರಿಗೆ ಸಿಗುತ್ತದೆ. ಬೌದ್ಧರ ಕಥೆಯ ಹಾರೀತಿಯಂತೂ ಪರರ ಮಕ್ಕಳನ್ನು ತಿನ್ನುತ್ತಿದ್ದ ಯಕ್ಷಿ. ಬುದ್ಧ ಅವಳ ಕಿರಿಯ ಮಗುವನ್ನು ಅಡಗಿಸಿಟ್ಟ ಮೇಲೆ, ತಾಯ ಸಂಕಟ ಅರಿತು, ಮಕ್ಕಳನ್ನು ಕಾಯುವವಳಾದಳು. ಅಂಥ ಹೆಸರನ್ನು ಒಂದು ರಾಜವಂಶ ತನ್ನ ತಾಯಿಯ ಹೆಸರೆಂದು ತಲೆಮೇಲೆ ಹೊತ್ತು ನಡೆಯಿತು. ನನಗೆ ಇದು ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಅದೇ ವಂಶದ ವಿಜಯಾದಿತ್ಯನಿಗೆ ಒಬ್ಬ ತಂಗಿ ಇದ್ದಳು, ಕುಂಕುಮ ಮಹಾದೇವಿ. ಪುಲಿಗೆರೆಯಲ್ಲಿ ಆನೆಸೆಜ್ಜೆಯ ಬಸದಿ ಕಟ್ಟಿಸಿದವಳು. ಅವಳು ಬದುಕಿದ್ದು ಎಂಟನೆಯ ಶತಮಾನದ ಆದಿಯಲ್ಲಿ. ಪಕ್ಕದ ಗುಡಿಗೇರಿಯ 1076ರ ಶಾಸನ ಅವಳ ಹೆಸರನ್ನು, ಅಣ್ಣನ ಹೆಸರಿನೊಂದಿಗೆ, ಇನ್ನೂ ನೆನೆಯುತ್ತದೆ.

ದ್ಯಾಮವ್ವನ ಕಥೆಯನ್ನು ಮಾತ್ರ ನಾನು ಪೂರ್ತಿ ಒಪ್ಪಿ ಹೇಳಲಾರೆ. ಕುಲ ಮುಚ್ಚಿಟ್ಟು ಬ್ರಾಹ್ಮಣ ಹುಡುಗಿಯನ್ನು ಒಬ್ಬ ಮದುವೆಯಾದ, ನಿಜ ತಿಳಿದ ದಿನ ಅವಳು ಮನೆಗೆ ಬೆಂಕಿ ಇಟ್ಟಳು, ಕೋಣನಾದ ಗಂಡನನ್ನು ಕೊಂದಳು ಎಂದು ನಮ್ಮ ಕಡೆ ಹೇಳುತ್ತಾರೆ. ಮೋಸಹೋದವಳ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಆ ಸಿಟ್ಟಿನ ನೆಪದಲ್ಲಿ, ಆ ಗಂಡನ ಕುಲದವರೆಂದು, ಒಂದು ಕೇರಿಯ ಜನರನ್ನು ಜಾತ್ರೆ ಜಾತ್ರೆಗೂ ಕೆಳಗಿಟ್ಟದ್ದು ಜಾತಿಯ ವಿಷ. ಜಾತ್ರೆಯಲ್ಲಿ ಆ ಗಂಡನೆಂದು ಕೋಣ ಕಡಿಯುವುದಕ್ಕೆ 1959ರ ಪ್ರಾಣಿಬಲಿ ನಿಷೇಧ ಕಾಯ್ದೆ ತಡೆ ಹಾಕಿತು. ಕಥೆಗೆ ಯಾವ ಕಾಯ್ದೆಯೂ ತಾಗುವುದಿಲ್ಲ.

‘ಚಾರ್ಮ್ಡ್’ ಅಕ್ಕತಂಗಿಯರ ಪೂರ್ವಿಕಳನ್ನು ಅಮೆರಿಕದ ಸೇಲಮ್‌ನಲ್ಲಿ ಮಾಟಗಾತಿಯೆಂದು ಸುಟ್ಟರು ಎಂದು ಧಾರಾವಾಹಿ ಹೇಳುತ್ತದೆ. ನಿಜದ ಸೇಲಮ್‌ನಲ್ಲಿ ಯಾರನ್ನೂ ಸುಡಲಿಲ್ಲ, ನೇಣಿಗೆ ಹಾಕಿದರು. 1692ರಲ್ಲಿ ಹತ್ತೊಂಬತ್ತು ಜನರನ್ನು. ಅಲ್ಲಿಯೂ ಮೂವರು ಅಕ್ಕತಂಗಿಯರಿದ್ದರು: ರೆಬೆಕಾ ನರ್ಸ್, ಮೇರಿ ಈಸ್ಟಿ, ಸಾರಾ ಕ್ಲಾಯ್ಸ್. ರೆಬೆಕಾ ಎಪ್ಪತ್ತು ದಾಟಿದ ಮುದುಕಿ. ಜುಲೈಯಲ್ಲಿ ಅವಳನ್ನು, ಸೆಪ್ಟೆಂಬರಿನಲ್ಲಿ ಮೇರಿಯನ್ನು ಕೊಂದರು. ಸಾರಾ ಒಬ್ಬಳು ಉಳಿದಳು. ಅವರಲ್ಲಿ ಯಾವ ಮಂತ್ರವೂ ಇರಲಿಲ್ಲ, ನೆರೆಯವರ ಹಗೆ ಇತ್ತು.

ನಮ್ಮಲ್ಲಿ ಹಾಗಾಗಲಿಲ್ಲ ಎಂದು ಹೆಮ್ಮೆಪಡಲು ನನ್ನ ಮನಸ್ಸು ಒಪ್ಪುವುದಿಲ್ಲ. ನಾನು ಚಿಕ್ಕವಳಿದ್ದಾಗ ನಮ್ಮ ಓಣಿಯ ಕೊನೆಗೆ ಇಬ್ಬರು ಅಕ್ಕತಂಗಿಯರಿದ್ದರು. ಅಕ್ಕ ವಿಧವೆ, ತಂಗಿಗೆ ಮದುವೆ ಆಗಿರಲಿಲ್ಲ. ಎರಡು ಎಮ್ಮೆ ಕಟ್ಟಿಕೊಂಡು ತಮ್ಮ ಪಾಡಿಗೆ ಬದುಕಿದ್ದರು. ಯಾರದೋ ಕೂಸು ಜ್ವರ ಬಂದು ತೀರಿಕೊಂಡ ಮೇಲೆ ಇವರು ಮಾಟ ಮಾಡಿಸ್ಯಾರ ಎಂಬ ಮಾತು ಹುಟ್ಟಿತು. ಅವರ ಮನೆಯ ಮಜ್ಜಿಗೆ ತರಬಾರದೆಂದು ನಮಗೆಲ್ಲ ತಾಕೀತಾಯಿತು. ಮಜ್ಜಿಗೆ ಮಾರಿಯೇ ಅವರ ಸಂಜೆಯ ರೊಟ್ಟಿ ಆಗುತ್ತಿತ್ತು. ದುರಗವ್ವನ ಗುಡಿಗೆ ಮಂಗಳವಾರ ತಪ್ಪದೆ ಹೋಗುತ್ತಿದ್ದವರೇ ಈ ಮಾತು ಮನೆಯಿಂದ ಮನೆಗೆ ಒಯ್ದರು. ಕೊಲ್ಲುವ ಶಕ್ತಿ ಕಟ್ಟಿಗೆಯ ದೇವಿಗೆ ಇದ್ದರೆ ಸೀರೆ, ಬಳೆ. ಬಡ ಹೆಂಗಸಿಗೆ ಇದೆಯೆಂದು ಗುಮಾನಿ ಬಂದರೂ ಸಾಕು, ಬಹಿಷ್ಕಾರ.

ಮಾಟ, ಬಾನಾಮತಿಯ ಹೆಸರಿನಲ್ಲಿ ನಡೆಯುವ ಅಮಾನುಷ ಕೃತ್ಯಗಳಿಗೆ ಕರ್ನಾಟಕದಲ್ಲಿ ಕಾಯ್ದೆ ಆದದ್ದು 2017ರಲ್ಲಿ, ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಒಂದರಿಂದ ಏಳು ವರ್ಷದವರೆಗೆ ಜೈಲು, ಜೊತೆಗೆ ದಂಡ. ನಮ್ಮ ಓಣಿಯ ಆ ಇಬ್ಬರು ಅಷ್ಟರಲ್ಲಿ ಎಂದೋ ಊರು ಬಿಟ್ಟಿದ್ದರು. ಎಮ್ಮೆ ಮಾರಿ, ಯಳವಿಗಿ ಸ್ಟೇಶನ್ನಿನಲ್ಲಿ ರೈಲು ಹತ್ತಿದರೆಂದು ಕೇಳಿದ್ದೇನೆ. ಎಲ್ಲಿಗೆ ಹೋಗುತ್ತೀರಿ ಎಂದು ನಮ್ಮ ಓಣಿಯಲ್ಲಿ ಯಾರೂ ಅವರನ್ನು ಕೇಳಿರಲಿಲ್ಲ.