ಕತ್ತಿ ಕೆಳಗಿಟ್ಟ ಮೇಲೆ ಸಿಪಾಯಿಗೆ ಏನು ಕೆಲಸ?

ಚನ್ನಗಿರಿ ಎಂದೊಡನೆ ಅಡಿಕೆ ತೋಟಗಳು, ಸೂಳೆಕೆರೆ, ಸಂತೇಬೆನ್ನೂರಿನ ಪುಷ್ಕರಣಿ ನೆನಪಾಗುತ್ತವೆ. ಇದೇ ಊರಿನಲ್ಲಿ ಹುಟ್ಟಿದ ಒಬ್ಬ ಕುದುರೆ ಸವಾರ ಈಸ್ಟ್ ಇಂಡಿಯಾ ಕಂಪನಿಯ ಸೇನೆಯನ್ನು 1799 ಮತ್ತು 1800ರಲ್ಲಿ ಎರಡೆರಡು ಸಲ ರಣರಂಗಕ್ಕೆ ಇಳಿಸಿದ ಸಂಗತಿ ಮಾತ್ರ ಅಷ್ಟಾಗಿ ನೆನಪಿನಲ್ಲಿಲ್ಲ. ಅವನೇ ಧೋಂಡಿಯ ವಾಘ. ಕೆಲವರಿಗೆ ಅವನು ಕೊಳ್ಳೆಗಾರ, ಮತ್ತೆ ಕೆಲವರಿಗೆ ಬ್ರಿಟಿಷರನ್ನು ಎದುರಿಸಿದ ವೀರ. ಈ ಎರಡು ಮಾತುಗಳ ನಡುವೆ ಒಂದು ಪ್ರಶ್ನೆ ಮರೆಯಾಗಿಬಿಡುತ್ತದೆ. ಅಷ್ಟು ಕಡಿಮೆ ಅವಧಿಯಲ್ಲಿ ಸಾವಿರಾರು ಮಂದಿ ಅವನ ಬೆನ್ನಿಗೆ ನಿಂತದ್ದು ಹೇಗೆ?

ಉತ್ತರ ಸರಳವಾಗಿದೆ. ಅವರೆಲ್ಲ ಕೆಲಸ ಕಳೆದುಕೊಂಡ ಸಿಪಾಯಿಗಳು.

ಇಂದಿನ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಹಳೆಯ ಚರಿತ್ರೆಯಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ಬಯಲುಸೀಮೆ ಮತ್ತು ಮಲೆನಾಡಿನ ಅಂಚಿನಲ್ಲಿರುವ ಈ ಪ್ರದೇಶ ಪಾಳೆಯಗಾರರ ನಾಡು. ಇಲ್ಲಿ ಬೇಸಾಯದ ಹಾಗೆಯೇ ಸೈನಿಕ ವೃತ್ತಿಯೂ ಮನೆತನದ ಕಸುಬು. ರಾಜ್ಯ ಬಿದ್ದಾಗ ಅರಸನ ಜೊತೆಗೆ ಈ ಮನೆಗಳ ಅನ್ನವೂ ಹೋಗುತ್ತಿತ್ತು.

ಚೇಲಾ ಪಡೆಯ ಹುಡುಗರು

ಮೊದಲು ಜಗಳೂರಿನ ಕಡೆ ನೋಡೋಣ. ಈ ಸೀಮೆ ಚಿತ್ರದುರ್ಗದ ನಾಯಕರಿಗೆ ಸೇರಿತ್ತು. ದುರ್ಗದ ಬಲವೇ ಬೇಡರ ಪಡೆ. 1779ರಲ್ಲಿ ಹೈದರಾಲಿ ಚಿತ್ರದುರ್ಗವನ್ನು ಗೆದ್ದ. ಸೋತ ಸೈನಿಕರನ್ನು ಊರಲ್ಲೇ ಬಿಟ್ಟರೆ ಮತ್ತೆ ತಿರುಗಿಬೀಳುತ್ತಾರೆಂಬುದು ಅವನಿಗೆ ಗೊತ್ತಿತ್ತು. ಹೀಗಾಗಿ ಸುಮಾರು 20 ಸಾವಿರ ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಅವರ ಹುಡುಗರಿಗೆ ಶಿಸ್ತಿನ ಸೈನಿಕ ತರಬೇತಿ ಕೊಡಿಸಿ ‘ಚೇಲಾ’ ಪಡೆಗಳನ್ನು ಕಟ್ಟಿದ.

ಇದು ಬಲವಂತದ ಪರಿಹಾರ. ಊರು, ನೆಲ, ನಂಟರನ್ನು ಬಿಡಿಸಿ ಒಬ್ಬ ದೊರೆಯ ಸೈನಿಕರನ್ನು ಇನ್ನೊಬ್ಬ ದೊರೆಯ ಸೈನಿಕರನ್ನಾಗಿ ಮಾಡಲಾಯಿತು. ಅವರು ಸಾಮಾನ್ಯ ಬದುಕಿಗೆ ಮರಳುವ ಮಾತು ಅಲ್ಲಿ ಏಳಲೇ ಇಲ್ಲ.

ಸೆರೆಯಿಂದ ಬಂದ ಧೋಂಡಿಯ

ಇಪ್ಪತ್ತು ವರ್ಷಗಳ ನಂತರ ಶ್ರೀರಂಗಪಟ್ಟಣವೇ ಬಿತ್ತು. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಹೋರಾಡುತ್ತ ಮಡಿದ. ಅವನ ದೊಡ್ಡ ಸೇನೆ ಒಡೆಯನಿಲ್ಲದ ಸೇನೆಯಾಯಿತು. ಅಂದಿನ ಗೊಂದಲದಲ್ಲೇ ಸೆರೆಯಿಂದ ಹೊರಬಿದ್ದವನು ಧೋಂಡಿಯ ವಾಘ.

ಮರಾಠ ಮನೆತನದ ಧೋಂಡಿಯ ಹೈದರನ ಕಾಲದಲ್ಲಿ ಮೈಸೂರಿನ ಸವಾರನಾಗಿದ್ದ. ಮೂರನೆಯ ಮೈಸೂರು ಯುದ್ಧದ ಹೊತ್ತಿಗೆ ಆ ಸೇವೆ ಬಿಟ್ಟು ಧಾರವಾಡದ ಕಡೆ ಸ್ವಂತ ತಂಡ ಕಟ್ಟಿಕೊಂಡ. ಆಮೇಲೆ ಟಿಪ್ಪುವಿನ ಬಳಿಗೆ ಮರಳಿದನಾದರೂ ಮತಾಂತರಕ್ಕೆ ಒಳಗಾಗಿ, ಕೊನೆಗೆ ಸೆರೆಮನೆಯ ಸಂಕೋಲೆಯಲ್ಲಿ ಕೊಳೆಯಬೇಕಾಯಿತು.

ಹೊರಬಂದ ಧೋಂಡಿಯ ನೇರವಾಗಿ ತನ್ನ ಹುಟ್ಟುಸೀಮೆಯ ಕಡೆ, ಬಿದನೂರು ಪ್ರಾಂತಕ್ಕೆ ನಡೆದ. ದಾರಿಯುದ್ದಕ್ಕೂ ಟಿಪ್ಪುವಿನ ಸೇನೆಯಿಂದ ಚದುರಿದ ಸವಾರರು, ಕಾಲಾಳುಗಳು ಅವನನ್ನು ಕೂಡಿಕೊಂಡರು. ಕಂಪನಿಯ ಪಡೆಗಳು ಶಿವಮೊಗ್ಗ, ಹೊನ್ನಾಳಿಗಳ ಕೋಟೆಗಳನ್ನು ಅವನ ಕಡೆಯವರಿಂದ ಕಿತ್ತುಕೊಳ್ಳಬೇಕಾಯಿತು. 1799ರ ಆಗಸ್ಟಿನಲ್ಲಿ ಶಿಕಾರಿಪುರದ ಬಳಿ ಸೋತ ಧೋಂಡಿಯ ಮರಾಠರ ಸೀಮೆಗೆ ದಾಟಿದ. ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಮರುವರ್ಷವೇ ಅವನು ‘ಎರಡು ಲೋಕಗಳ ದೊರೆ’ ಎಂದು ತನ್ನನ್ನು ಕರೆದುಕೊಂಡು ಮತ್ತೆ ಎದ್ದು ಬಂದ. ಸೋತವನಿಗೂ ಜನ ಸಿಕ್ಕಿದರು. ಏಕೆಂದರೆ ಕುದುರೆ ಮತ್ತು ಕತ್ತಿ ಬಿಟ್ಟರೆ ಬೇರೇನೂ ಗೊತ್ತಿಲ್ಲದವರ ಸಂಖ್ಯೆ ದೊಡ್ಡದಿತ್ತು. ಅವರಿಗೆ ಕೂಲಿ ಕೊಡುವ ದೊರೆಗಳು ಕಡಿಮೆಯಾಗುತ್ತಿದ್ದರು.

1800ರ ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋಣಗಲ್ಲಿನ ಬಳಿ ಆರ್ಥರ್ ವೆಲ್ಲೆಸ್ಲಿಯ ಅಶ್ವದಳ ಅವನನ್ನು ಕೊಂದಿತು. ಈ ವೆಲ್ಲೆಸ್ಲಿಯೇ ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್ ಡ್ಯೂಕ್. ಅಂದು ಧೋಂಡಿಯನ ಸಾಮಾನು ಸರಂಜಾಮಿನ ನಡುವೆ ಸಲಾಬತ್ ಖಾನ್ ಎಂಬ ಅವನ ಪುಟ್ಟ ಮಗ ಸಿಕ್ಕಿದ. ವೆಲ್ಲೆಸ್ಲಿ ಆ ಹುಡುಗನಿಗೆ ಆಸರೆ ಕೊಟ್ಟ. ಭಾರತ ಬಿಡುವಾಗ ಅವನ ಪಾಲನೆಗೆಂದು ಶ್ರೀರಂಗಪಟ್ಟಣದ ಅಧಿಕಾರಿಯ ಬಳಿ ಹಣ ಇಟ್ಟು ಹೋದ. ಹುಡುಗ ಬೆಳೆದು ಮೈಸೂರು ಅರಸರ ಸೇವೆಗೆ ಸೇರಿದ, 1822ರಲ್ಲಿ ಕಾಲರಾಕ್ಕೆ ಬಲಿಯಾದ. ಬಂಡೆದ್ದವನ ಮಗನಿಗೆ ಒಂದು ಆಸರೆ, ಒಂದು ಉದ್ಯೋಗ ಸಿಕ್ಕಿತು. ಆದರೆ ಧೋಂಡಿಯನ ಹಿಂದೆ ಹೋದ ಸಾವಿರಾರು ಮಂದಿಯ ಗತಿ?

ಪೂರ್ಣಯ್ಯನವರ ಉಪಾಯ

ಈ ಸಮಸ್ಯೆಯ ಆಳವನ್ನು ಅರಿತವರು ದಿವಾನ್ ಪೂರ್ಣಯ್ಯ. ಹೈದರ್, ಟಿಪ್ಪು ಇಬ್ಬರ ಆಡಳಿತವನ್ನೂ ಒಳಗಿನಿಂದ ಕಂಡಿದ್ದ ಅವರಿಗೆ ಸೇನೆಯ ಮನೆಗಳ ಕಷ್ಟ ಗೊತ್ತಿತ್ತು. 1799ರ ಒಪ್ಪಂದದಂತೆ ಮೈಸೂರು ವರ್ಷಕ್ಕೆ 7 ಲಕ್ಷ ವರಹಗಳನ್ನು ಕಂಪನಿಗೆ ಕೊಡಬೇಕಿತ್ತು. ಹೊರಗಿನ ರಕ್ಷಣೆಯ ಹೊಣೆ ಕಂಪನಿಯದು. ಹಾಗಿದ್ದ ಮೇಲೆ ರಾಜ್ಯಕ್ಕೆ ಸೈನಿಕರೇಕೆ ಎಂದು ಯಾರಾದರೂ ಕೇಳಬಹುದಿತ್ತು. ಪೂರ್ಣಯ್ಯ ಹಾಗೆ ಯೋಚಿಸಲಿಲ್ಲ.

ಅವರು ಹಳೆಯ ‘ಕಂದಾಚಾರ’ ವ್ಯವಸ್ಥೆಯನ್ನು ಹೊಸದಾಗಿ ಕಟ್ಟಿದರು. ಇಂದು ಕಂದಾಚಾರ ಎಂದರೆ ಮೂಢ ಆಚರಣೆ ಎಂಬ ಅರ್ಥವೇ ಬಳಕೆಯಲ್ಲಿದೆ. ಆಗ ಅದು ನಾಡಿನ ಸ್ಥಳೀಯ ಸೈನ್ಯದ ಇಲಾಖೆಯ ಹೆಸರು. ಸೈನಿಕ ವೃತ್ತಿ ರೂಢಿಯಾಗಿದ್ದ ಮನೆತನಗಳನ್ನು ಗುರುತಿಸಿ, ಮನೆಗೊಬ್ಬನಾದರೂ ಸೇರುವಂತೆ ನೋಡಿಕೊಳ್ಳಲಾಯಿತು. ಊರಲ್ಲೇ ಇದ್ದಾಗ ಅಲ್ಪ ಸಂಬಳ, ಹೊರಗೆ ಕೆಲಸಕ್ಕೆ ಕರೆದಾಗ ಭತ್ಯ. ಉಳಿದ ಹೊತ್ತು ಬೇಸಾಯ. ಕೋಟೆಯ ಕಾವಲು, ಪೊಲೀಸು ಕೆಲಸ ಅವರ ಪಾಲಿಗೆ ಬಂದವು. ಹೀಗೆ ಸುಮಾರು 20 ಸಾವಿರ ಮಂದಿಗೆ ಆಸರೆ ಸಿಕ್ಕಿತು. ಸ್ವಂತ ಕುದುರೆಯುಳ್ಳ ಸಿಲ್ಲೇದಾರರಿಗೂ ಜಾಗ ದೊರೆಯಿತು. 1807ರ ಹೊಸ ಕರಾರಿನಲ್ಲಿ 4 ಸಾವಿರ ಕುದುರೆ ಸವಾರರನ್ನು ಸಾಕುವುದು ಮೈಸೂರಿನ ಹೊಣೆಯೆಂದು ಬರೆಯಲಾಯಿತು.

ಇದರ ಹಿಂದೆ ರಾಜಕೀಯ ಲೆಕ್ಕಾಚಾರ ಇದ್ದೇ ಇತ್ತು. ಕೈಗೆ ಕೆಲಸ ಕೊಡದಿದ್ದರೆ ಇನ್ನೊಬ್ಬ ಧೋಂಡಿಯ ಹುಟ್ಟುತ್ತಾನೆಂಬ ಭಯ ಕಂಪನಿಗೂ ಇತ್ತು. ಆದರೂ ಈ ಏರ್ಪಾಟಿನಲ್ಲಿ ಒಂದು ಹೊಸತನವಿದೆ. ಸೈನಿಕ ತನ್ನ ಊರು ಬಿಡಬೇಕಾಗಲಿಲ್ಲ, ಹಳೆಯ ಕಸುಬಿನ ಗೌರವವನ್ನೂ ಬಿಡಬೇಕಾಗಲಿಲ್ಲ. ನೇಗಿಲು ಹಿಡಿಯಲು ಕಾಲಾವಕಾಶವೂ ಸಿಕ್ಕಿತು. ದಾರಿಗಳು ನೆಮ್ಮದಿಯಾದರೆ ಮಲೆನಾಡಿನ ಸರಕು ನ್ಯಾಮತಿಯಂಥ ವ್ಯಾಪಾರದ ಊರುಗಳ ಮೂಲಕ ಬಯಲುಸೀಮೆಗೆ ಇಳಿಯುತ್ತದೆ. ಇದರ ಲಾಭ ಸಿಪಾಯಿಗಳಾಚೆಗೂ ಹರಡುವಂಥದು.

ಸಂಬಳ ನಿಂತಾಗ

ಈ ವ್ಯವಸ್ಥೆಯ ಜೀವ ಇದ್ದದ್ದು ಸಂಬಳದಲ್ಲಿ. ಪೂರ್ಣಯ್ಯ 1811ರಲ್ಲಿ ಅಧಿಕಾರ ಬಿಟ್ಟರು. ಮುಂದಿನ ಎರಡು ದಶಕಗಳಲ್ಲಿ ಬೊಕ್ಕಸ ಬರಿದಾಯಿತು, ಸೈನಿಕರ ಸಂಬಳ ಬಾಕಿ ಬಿತ್ತು. ಕಂದಾಯದ ಹೊರೆಯಿಂದ ರೈತರು ಮೊದಲೇ ನೊಂದಿದ್ದರು. 1830ರ ಆಗಸ್ಟಿನಲ್ಲಿ ಈಗಿನ ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದಲ್ಲಿ ‘ಕೂಟ’ ಸೇರಲು ಕರೆ ಹೋಯಿತು. ನಗರ ದಂಗೆ ಎಂದು ಹೆಸರಾದ ಹೋರಾಟ ಹೊನ್ನಾಳಿ ಸೀಮೆಗೂ ಹಬ್ಬಿತು. ಕೊನೆಗೆ 1831ರ ಅಕ್ಟೋಬರಿನಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನೇ ಕೈಗೆತ್ತಿಕೊಂಡರು. ದಂಗೆಗೆ ಕಾರಣಗಳು ಹಲವು. ಆದರೆ ಸಂಬಳವಿಲ್ಲದ ಸೈನಿಕರಿಂದ ಶಾಂತಿ ಕಾಪಾಡಲು ಆಗದೆಂಬುದು ಮತ್ತೊಮ್ಮೆ ಸಾಬೀತಾಯಿತು.

ಉಳಿದ ಸಿಲ್ಲೇದಾರರಿಂದಲೇ 1892ರಲ್ಲಿ ಮೈಸೂರು ಲ್ಯಾನ್ಸರ್ಸ್ ರೂಪುಗೊಂಡಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ದಳಗಳಲ್ಲಿ ಅದೂ ಒಂದು.

ಓದಿನ ದಾರಿ

ಹಳೆಯ ಕಾಲದ ಪರಿಹಾರಗಳಲ್ಲಿ ಕತ್ತಿ, ಕಾವಲು, ಹೊಲ ಇದ್ದವು, ಓದು ಇರಲಿಲ್ಲ. ಅದು ಇಪ್ಪತ್ತನೆಯ ಶತಮಾನದ ಕೊಡುಗೆ. ಅಮೆರಿಕದಲ್ಲಿ 1944ರಲ್ಲಿ ಬಂದ ಕಾಯಿದೆ ಯುದ್ಧದಿಂದ ಮರಳಿದವರ ಕಾಲೇಜು ಓದಿನ ವೆಚ್ಚವನ್ನು ಸರ್ಕಾರದ ಮೇಲೆ ಹೊರಿಸಿತು. 1956ರ ಹೊತ್ತಿಗೆ ಸುಮಾರು 78 ಲಕ್ಷ ಮಂದಿ ಅದರಿಂದ ಓದಿದರು, ಇಲ್ಲವೇ ತರಬೇತಿ ಪಡೆದರು.

ನಮ್ಮಲ್ಲಿ ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯವೂ ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯೂ ಈ ಕೆಲಸ ಮಾಡುತ್ತಿವೆ. ಕರ್ನಾಟಕದ ನೇಮಕಾತಿ ನಿಯಮಗಳಲ್ಲಿ ಮಾಜಿ ಸೈನಿಕರಿಗೆ ಶೇ 10ರ ಮೀಸಲಾತಿ ಇದೆ. ಎಸ್ಸೆಸ್ಸೆಲ್ಸಿ ಮುಗಿಸಿ 15 ವರ್ಷ ಸೇವೆ ಸಲ್ಲಿಸಿದವರನ್ನು ಕೇಂದ್ರದ ‘ಸಿ’ ದರ್ಜೆಯ ಹುದ್ದೆಗಳಿಗೆ ಪದವೀಧರರ ಸಮಾನವಾಗಿ ಪರಿಗಣಿಸಲು ಅವಕಾಶವಿದೆ. ಸೇನೆಯಲ್ಲಿ ಚಾಲಕನಾಗಿ, ಶುಶ್ರೂಷಕನಾಗಿ, ವಿದ್ಯುತ್ ಕೆಲಸಗಾರನಾಗಿ ಕಲಿತದ್ದನ್ನು ಹೊರಗಿನ ಪ್ರಪಂಚ ಒಪ್ಪುವ ಪ್ರಮಾಣಪತ್ರವಾಗಿ ಬದಲಿಸಿಕೊಳ್ಳುವುದೇ ಇಲ್ಲಿ ಮುಖ್ಯ.

2022ರಲ್ಲಿ ಬಂದ ಅಗ್ನಿಪಥ ಯೋಜನೆ ಈ ಪ್ರಶ್ನೆಯನ್ನು ಇನ್ನಷ್ಟು ತುರ್ತಾಗಿಸಿದೆ. ನಾಲ್ಕು ವರ್ಷಗಳ ನಂತರ ಶೇ 25ರಷ್ಟು ಮಂದಿಯನ್ನು ಉಳಿಸಿಕೊಳ್ಳುವುದು ಮೂಲ ಯೋಜನೆ. ಉಳಿದವರು ಸುಮಾರು 11.71 ಲಕ್ಷ ರೂಪಾಯಿ ‘ಸೇವಾನಿಧಿ’ಯೊಂದಿಗೆ, ಪಿಂಚಣಿಯಿಲ್ಲದೆ ಊರಿಗೆ ಬರಬೇಕು. ಆಗ ಅವರಿಗೆ ಇಪ್ಪತ್ತು ದಾಟಿ ಕೆಲವೇ ವರ್ಷ. ಹತ್ತನೇ ತರಗತಿ ಓದಿದವರಿಗೆ ರಾಷ್ಟ್ರೀಯ ಮುಕ್ತ ಶಾಲೆಯ ಹನ್ನೆರಡನೆಯ ತರಗತಿಯ ಪ್ರಮಾಣಪತ್ರ, ಸೇನಾ ತರಬೇತಿಗೆ ಅರ್ಧದಷ್ಟು ಅಂಕ ಮಾನ್ಯ ಮಾಡುವ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಪದವಿ — ಇವನ್ನು ಯೋಜನೆಯ ಜೊತೆಯಲ್ಲೇ ಪ್ರಕಟಿಸಲಾಯಿತು. ಇವು ಒಳ್ಳೆಯ ಹೆಜ್ಜೆಗಳೇ. ಆದರೆ ಜಗಳೂರಿನಂಥ ಮಳೆಯಾಶ್ರಯದ ತಾಲ್ಲೂಕಿಗೆ ಮರಳುವ ಹುಡುಗನಿಗೆ ಪ್ರಮಾಣಪತ್ರದ ಜೊತೆ ಹತ್ತಿರದಲ್ಲೇ ಒಂದು ಉದ್ಯೋಗವೂ, ದಾರಿ ತೋರಿಸುವ ಒಂದು ಕಚೇರಿಯೂ ಬೇಕು.

1799ರ ಸಿಪಾಯಿಗೂ ಇಂದಿನ ಯೋಧನಿಗೂ ಹೋಲಿಕೆ ಸಲ್ಲದು. ಇಂದಿನವನು ಸಂವಿಧಾನಬದ್ಧ ಸೇನೆಯ ಶಿಸ್ತಿನಲ್ಲಿ ಬೆಳೆದ ನಾಗರಿಕ. ಹೋಲಿಕೆ ಇರುವುದು ಸರ್ಕಾರದ ಹೊಣೆಯಲ್ಲಿ. ಪೂರ್ಣಯ್ಯನವರು ಮಾಡಿದ ಮೊದಲ ಕೆಲಸ ಊರೂರಿನ ಸೈನಿಕ ಮನೆಗಳನ್ನು ಲೆಕ್ಕ ಹಾಕಿದ್ದು. ಅಗ್ನಿವೀರರ ಮೊದಲ ತಂಡ ತರಬೇತಿಗೆ ಸೇರಿದ್ದು 2023ರ ಆರಂಭದ ಹೊತ್ತಿಗೆ. ಅವರ ನಾಲ್ಕು ವರ್ಷ 2027ರ ಆರಂಭದ ವೇಳೆಗೆ ತುಂಬುತ್ತದೆ. ನಮ್ಮ ತಾಲ್ಲೂಕುಗಳಿಗೆ ಮರಳುವವರು ಎಷ್ಟು ಜನ, ಏನು ಕಲಿತಿದ್ದಾರೆ, ಏನು ಓದಬಯಸುತ್ತಾರೆ ಎಂಬ ಲೆಕ್ಕ ಅಷ್ಟರೊಳಗೆ ಸಿದ್ಧವಾಗಬೇಕು.