ನಂಬರ್ ಒನ್ ಅಂದವರು ಯಾರು?

ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಸಂಗೀತದ ಆಲ್ಬಂ ಯಾವುದು? ಈ ಪ್ರಶ್ನೆ ಕೇಳಿ ನೋಡಿ. ಬಹಳ ಜನ ಒಂದು ಕ್ಷಣವೂ ಯೋಚಿಸದೆ ಮೈಕಲ್ ಜಾಕ್ಸನ್ ಹೆಸರು ಹೇಳ್ತಾರೆ. ‘ಥ್ರಿಲ್ಲರ್’ ಅಂತಾರೆ. ಇಡೀ ಜಗತ್ತಿನ ಲೆಕ್ಕ ಹಿಡಿದರೆ ಅವರ ಮಾತು ಸರಿ. ಆದರೆ ಅಮೆರಿಕದ ಅಧಿಕೃತ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿರುವುದು ಬೇರೆಯದೇ ಆಲ್ಬಂ. ಈಗಲ್ಸ್ ಎಂಬ ರಾಕ್ ತಂಡದ ‘ದೇರ್ ಗ್ರೇಟೆಸ್ಟ್ ಹಿಟ್ಸ್ 1971-1975’.

ಇನ್ನೊಂದು ಸ್ವಾರಸ್ಯ ಹೇಳ್ತೀನಿ. ಈಗಲ್ಸ್ ಅಂದ ತಕ್ಷಣ ನಮ್ಮಲ್ಲಿ ಬಹುತೇಕರಿಗೆ ನೆನಪಾಗುವುದು ಒಂದೇ ಹಾಡು, ‘ಹೋಟೆಲ್ ಕ್ಯಾಲಿಫೋರ್ನಿಯಾ’. ಗಿಟಾರ್ ಕಲಿಯಲು ಹೊರಟ ಹುಡುಗರೆಲ್ಲ ಒಮ್ಮೆಯಾದರೂ ಕೈಯಾಡಿಸುವ ಹಾಡು ಅದು. ಆ ಹಾಡು ಈ ಆಲ್ಬಂನಲ್ಲಿ ಇಲ್ಲವೇ ಇಲ್ಲ! ತಂಡದ ಅತಿ ಪ್ರಸಿದ್ಧ ಹಾಡೇ ಇಲ್ಲದ ‘ಗ್ರೇಟೆಸ್ಟ್ ಹಿಟ್ಸ್’ ಅಮೆರಿಕದ ನಂಬರ್ ಒನ್ ಆಗಿದ್ದು ಹೇಗೆ? ಈ ಪ್ರಶ್ನೆಯನ್ನು ಬೆನ್ನಟ್ಟಿ ಹೋದರೆ ಸಂಗೀತದ ಕಥೆಗಿಂತ ದೊಡ್ಡ ಕಥೆಯೊಂದು ಸಿಗುತ್ತದೆ. ಅದು ಎಣಿಕೆಯ ಕಥೆ.

ಮೊದಲು ಈ ‘ಗ್ರೇಟೆಸ್ಟ್ ಹಿಟ್ಸ್’ ಎಂಬ ಮಾಲು ಮಾರುಕಟ್ಟೆಗೆ ಬಂದ ಬಗೆ ನೋಡೋಣ. 1958ರಲ್ಲಿ ಕೊಲಂಬಿಯಾ ಕಂಪನಿ ಜಾನಿ ಮ್ಯಾಥಿಸ್ ಎಂಬ ಗಾಯಕನ ಹಳೆಯ ಜನಪ್ರಿಯ ಹಾಡುಗಳನ್ನು ಒಟ್ಟುಗೂಡಿಸಿ ‘ಜಾನೀಸ್ ಗ್ರೇಟೆಸ್ಟ್ ಹಿಟ್ಸ್’ ಎಂಬ ತಟ್ಟೆ ಹೊರತಂದಿತು. ಹೊಸದಾಗಿ ಸ್ಟುಡಿಯೋ ಖರ್ಚಿಲ್ಲ, ಹೊಸ ವಾದ್ಯಗಾರರಿಗೆ ಸಂಭಾವನೆ ಕೊಡಬೇಕಿಲ್ಲ. ಆಗಲೇ ಗೆದ್ದ ಕುದುರೆಗಳನ್ನೇ ಮತ್ತೊಮ್ಮೆ ಓಡಿಸುವುದು, ಅಷ್ಟೆ. ಆ ತಟ್ಟೆ ಬಿಲ್‌ಬೋರ್ಡ್ ಪತ್ರಿಕೆಯ ಆಲ್ಬಂ ಪಟ್ಟಿಯಲ್ಲಿ ಒಟ್ಟು 490 ವಾರ ಇತ್ತು. ಅಂದರೆ ಒಂಬತ್ತು ವರ್ಷಕ್ಕೂ ಹೆಚ್ಚು! ಉಳಿದ ಕಂಪನಿಗಳು ಸುಮ್ಮನೆ ಕೂರುತ್ತವಾ?

ಅದೇ 1958ರಲ್ಲಿ ಇನ್ನೊಂದು ಬೆಳವಣಿಗೆಯೂ ಆಯಿತು. ರೆಕಾರ್ಡಿಂಗ್ ಇಂಡಸ್ಟ್ರಿ ಅಸೋಸಿಯೇಷನ್ ಆಫ್ ಅಮೆರಿಕ, ಚಿಕ್ಕದಾಗಿ ಆರ್‌ಐಎಎ, ಗೋಲ್ಡ್ ರೆಕಾರ್ಡ್ ಪ್ರಮಾಣಪತ್ರ ಕೊಡಲು ಶುರು ಮಾಡಿತು. ಆರ್‌ಐಎಎ ಅಂದರೆ ಸರ್ಕಾರದ ಇಲಾಖೆಯಲ್ಲ. ತಟ್ಟೆ ಮಾರುವ ಕಂಪನಿಗಳು ಸೇರಿ ಕಟ್ಟಿಕೊಂಡ ಸಂಘ. ಈ ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಈಗ ಈಗಲ್ಸ್ ವಿಚಾರಕ್ಕೆ ಬರೋಣ. 1971ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ತಂಡ ಇದು. ಗ್ಲೆನ್ ಫ್ರೇ, ಡಾನ್ ಹೆನ್ಲಿ, ಬರ್ನಿ ಲೆಡನ್, ರ‍್ಯಾಂಡಿ ಮೈಸ್ನರ್ ಎಂಬ ನಾಲ್ವರು. ಲಿಂಡಾ ರಾನ್‌ಸ್ಟಾಟ್ ಎಂಬ ಗಾಯಕಿಯ ಹಿಂದೆ ನಿಂತು ವಾದ್ಯ ನುಡಿಸುತ್ತಿದ್ದವರು ತಮ್ಮದೇ ತಂಡ ಕಟ್ಟಿದರು. ಡೇವಿಡ್ ಗೆಫೆನ್ ಆಗಷ್ಟೇ ಶುರು ಮಾಡಿದ್ದ ಅಸೈಲಂ ಕಂಪನಿ ಅವರನ್ನು ಸೇರಿಸಿಕೊಂಡಿತು. 1972ರಿಂದ 1975ರವರೆಗೆ ವರ್ಷಕ್ಕೊಂದರಂತೆ ನಾಲ್ಕು ಆಲ್ಬಂ ಬಂದವು. 1974ರಲ್ಲಿ ಡಾನ್ ಫೆಲ್ಡರ್ ಸೇರಿಕೊಂಡರು. 1975ರಲ್ಲಿ ‘ಬೆಸ್ಟ್ ಆಫ್ ಮೈ ಲವ್’ ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ಅದೇ ವರ್ಷ ‘ಒನ್ ಆಫ್ ದೀಸ್ ನೈಟ್ಸ್’ ಕೂಡ.

ತಂಡ ಬಿಸಿಯಾಗಿದೆ. ಮುಂದಿನ ಆಲ್ಬಂ ಇನ್ನೂ ಸಿದ್ಧವಾಗಿಲ್ಲ. ಒಳಗೆ ಬಿರುಕೂ ಇದೆ; 1975ರ ಕೊನೆಯ ಹೊತ್ತಿಗೆ ಬರ್ನಿ ಲೆಡನ್ ತಂಡ ಬಿಟ್ಟರು, ಅವರ ಜಾಗಕ್ಕೆ ಜೋ ವಾಲ್ಶ್ ಬಂದರು. ಕಂಪನಿ ಕಾಯುತ್ತದಾ? ಕಾಯಲಿಲ್ಲ. ನಾಲ್ಕು ಆಲ್ಬಂಗಳಿಂದ ಹತ್ತು ಹಾಡು ಆರಿಸಿ, 1976ರ ಫೆಬ್ರವರಿ 17ರಂದು ‘ದೇರ್ ಗ್ರೇಟೆಸ್ಟ್ ಹಿಟ್ಸ್’ ಬಿಡುಗಡೆ ಮಾಡಿತು. ಆಗ ತಂಡಕ್ಕೆ ಐದು ವರ್ಷವೂ ಸರಿಯಾಗಿ ತುಂಬಿರಲಿಲ್ಲ. ‘ಹೋಟೆಲ್ ಕ್ಯಾಲಿಫೋರ್ನಿಯಾ’ ಬಂದಿದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ. ಈ ಪಟ್ಟಿಯಲ್ಲಿ ಅದು ಇಲ್ಲದಿರುವುದಕ್ಕೆ ಕಾರಣ ಇಷ್ಟೇ.

ಡಾನ್ ಹೆನ್ಲಿ ಈ ಆಲ್ಬಂ ಬಗ್ಗೆ ಬಹಿರಂಗವಾಗಿಯೇ ಅಸಮಾಧಾನ ತೋಡಿಕೊಂಡವರು. ಹೊರತರುವ ತೀರ್ಮಾನ ಕಂಪನಿಯದು, ನಮ್ಮ ಕೈಯಲ್ಲಿ ಏನೂ ಇರಲಿಲ್ಲ ಎನ್ನುವುದು ಅವರ ವಾದ. ಅದಕ್ಕಿಂತ ದೊಡ್ಡ ತಕರಾರು ಇನ್ನೊಂದಿತ್ತು. 1973ರ ‘ಡೆಸ್ಪರಾಡೊ’ ಆಲ್ಬಂ ಅಮೆರಿಕದ ಪಶ್ಚಿಮ ಭಾಗದ ಹಳೆಯ ದರೋಡೆಕೋರರ ಬದುಕನ್ನು ಎಳೆಯಾಗಿಟ್ಟುಕೊಂಡು ಹೆಣೆದದ್ದು. ಒಂದು ಹಾಡಿಗೂ ಇನ್ನೊಂದಕ್ಕೂ ನಂಟಿತ್ತು. ಅದರಿಂದ ‘ಡೆಸ್ಪರಾಡೊ’, ‘ಟಕೀಲಾ ಸನ್‌ರೈಸ್’ ಎಂಬ ಎರಡು ಹಾಡುಗಳನ್ನು ಮಾತ್ರ ಕಿತ್ತು ತಂದು ಬೇರೆ ಹಾಡುಗಳ ಜೊತೆ ಸೇರಿಸಿದ್ದು ಅವರಿಗೆ ನೋವಾಗಿತ್ತು. ಇಡೀ ನಾಟಕದಿಂದ ಎರಡು ಸಂಭಾಷಣೆ ಕತ್ತರಿಸಿ ಕೇಳಿಸಿದ ಹಾಗೆ.

ಕಲಾವಿದನ ಸಿಟ್ಟು ನ್ಯಾಯವೇ. ಆದರೆ ಇತಿಹಾಸ ಅಷ್ಟು ಸರಳವಾಗಿರಲ್ಲ. ‘ಡೆಸ್ಪರಾಡೊ’ ಆಲ್ಬಂ ಬಂದಾಗ ಬಿಲ್‌ಬೋರ್ಡ್ ಪಟ್ಟಿಯಲ್ಲಿ 41ನೇ ಸ್ಥಾನ ದಾಟಲಿಲ್ಲ. ಆ ಶೀರ್ಷಿಕೆ ಗೀತೆ ಸಿಂಗಲ್ ಆಗಿ ಬಿಡುಗಡೆಯೂ ಆಗಲಿಲ್ಲ. ಅಂದರೆ ‘ಗ್ರೇಟೆಸ್ಟ್ ಹಿಟ್ಸ್’ ಎಂಬ ಹೆಸರಿನ ತಟ್ಟೆಯಲ್ಲಿ, ಕಟ್ಟುನಿಟ್ಟಾಗಿ ಹೇಳಿದರೆ, ಹಿಟ್ಟೇ ಆಗದ ಹಾಡೊಂದು ಕೂತಿದೆ! ಲಿಂಡಾ ರಾನ್‌ಸ್ಟಾಟ್ 1973ರಲ್ಲೇ ಆ ಹಾಡನ್ನು ತಮ್ಮ ಆಲ್ಬಂನಲ್ಲಿ ಹಾಡಿ ಅದಕ್ಕೊಂದು ದಾರಿ ಮಾಡಿಕೊಟ್ಟಿದ್ದರು. ಆಮೇಲೆ ಈ ಸಂಕಲನ ಅದನ್ನು ಮನೆಮನೆಗೆ ಮುಟ್ಟಿಸಿತು. ಇವತ್ತು ಅದು ಈಗಲ್ಸ್‌ನ ಅತ್ಯಂತ ಪ್ರಸಿದ್ಧ ಹಾಡುಗಳಲ್ಲಿ ಒಂದು. ಸೋತ ಮಗುವನ್ನು ಗೆದ್ದವರ ಸಾಲಿನಲ್ಲಿ ಕೂರಿಸಿದವರು ಯಾರು? ಯಾರನ್ನು ಹೆನ್ಲಿ ದೂರಿದರೋ ಅವರೇ. ಅಷ್ಟೇ ಅಲ್ಲ, ಈ ತಟ್ಟೆ ಮಾರಾಟವಾಗುತ್ತಿದ್ದ ತಿಂಗಳುಗಳಲ್ಲೇ ತಂಡಕ್ಕೆ ‘ಹೋಟೆಲ್ ಕ್ಯಾಲಿಫೋರ್ನಿಯಾ’ ಮಾಡಲು ಬೇಕಾದ ಸಮಯ ಸಿಕ್ಕಿತು.

ಇನ್ನು ಎಣಿಕೆಯ ವಿಷಯ. 1976ರಲ್ಲಿ ಆರ್‌ಐಎಎ ‘ಪ್ಲಾಟಿನಂ’ ಎಂಬ ಹೊಸ ದರ್ಜೆ ಸೃಷ್ಟಿಸಿತು. ಆಲ್ಬಂ 5 ಲಕ್ಷ ಪ್ರತಿ ಹೋದರೆ ಗೋಲ್ಡ್, 10 ಲಕ್ಷ ಹೋದರೆ ಪ್ಲಾಟಿನಂ. ಮೊಟ್ಟಮೊದಲ ಪ್ಲಾಟಿನಂ ಆಲ್ಬಂ ಯಾವುದು ಗೊತ್ತಾ? ಇದೇ. ತಾರೀಕು ಫೆಬ್ರವರಿ 24. ಬಿಡುಗಡೆಯಾಗಿ ಒಂದೇ ವಾರ! ಹಾಗಂತ ಒಂದೇ ವಾರದಲ್ಲಿ ಹತ್ತು ಲಕ್ಷ ಜನ ಅಂಗಡಿಗೆ ಓಡಿ ಬಂದು ಕೊಂಡರು ಅಂತ ತಿಳಿಯಬೇಡಿ. ಆಗಿನ ಲೆಕ್ಕ ಕಂಪನಿ ಅಂಗಡಿಗಳಿಗೆ ರವಾನಿಸಿದ ಪ್ರತಿಗಳದ್ದು. ಆದರೂ ಜನ ಕೊಂಡಿದ್ದಂತೂ ನಿಜ. ಆಲ್ಬಂ ಬಿಲ್‌ಬೋರ್ಡ್‌ನಲ್ಲಿ ಐದು ವಾರ ಮೊದಲ ಸ್ಥಾನದಲ್ಲಿತ್ತು. ಮಾರಾಟ ಅಲ್ಲಿಗೇ ನಿಲ್ಲಲಿಲ್ಲ. 1980ರಲ್ಲಿ ತಂಡ ಒಡೆಯಿತು. ತಟ್ಟೆ ಹೋಗಿ ಕ್ಯಾಸೆಟ್ ಬಂತು, ಕ್ಯಾಸೆಟ್ ಹೋಗಿ ಸಿಡಿ ಬಂತು. ಈ ಹತ್ತು ಹಾಡು ಮಾತ್ರ ಮಾರಾಟವಾಗುತ್ತಲೇ ಇದ್ದವು. 1999ರಲ್ಲಿ ಆರ್‌ಐಎಎ ಇದಕ್ಕೆ ಅಮೆರಿಕದಲ್ಲಿ ಶತಮಾನದ ಅತಿ ಹೆಚ್ಚು ಮಾರಾಟದ ಆಲ್ಬಂ ಎಂಬ ಪಟ್ಟ ಕಟ್ಟಿತು.

2006ರಲ್ಲಿ ಲೆಕ್ಕ 29 ಪ್ಲಾಟಿನಂಗೆ ಬಂತು, ಅಂದರೆ 2.9 ಕೋಟಿ. ಆಮೇಲೆ ಮೌನ. 2009ರ ಜೂನ್‌ನಲ್ಲಿ ಮೈಕಲ್ ಜಾಕ್ಸನ್ ತೀರಿಕೊಂಡರು. ಜಗತ್ತು ಮತ್ತೆ ‘ಥ್ರಿಲ್ಲರ್’ ಕೇಳಿತು. ಅದೇ ವರ್ಷ ಆ ಆಲ್ಬಂ ಈಗಲ್ಸ್ ಜೊತೆ ಸಮಕ್ಕೆ ಬಂತು, 2015ರಲ್ಲಿ ಹಿಂದೆ ಹಾಕಿ 30 ಮುಟ್ಟಿತು, 2017ರಲ್ಲಿ 33ಕ್ಕೆ ಏರಿತು. ಕಥೆ ಮುಗಿಯಿತು ಅಂದುಕೊಂಡಾಗ, 2018ರ ಆಗಸ್ಟ್ 20ರಂದು ಬ್ರೇಕಿಂಗ್ ನ್ಯೂಸ್ ಬಂತು. ಈಗಲ್ಸ್ ಮತ್ತೆ ನಂಬರ್ ಒನ್! ಎಷ್ಟು? 38 ಪ್ಲಾಟಿನಂ. 29ರಿಂದ ನೇರವಾಗಿ 38ಕ್ಕೆ.

ಒಂದೇ ದಿನದಲ್ಲಿ 90 ಲಕ್ಷ ಹೆಚ್ಚಾಗಿದ್ದು ಹೇಗೆ? ಸುದ್ದಿಮನೆಯಲ್ಲಿ ಕೂತವನಿಗೆ ಮೊದಲು ಹೊಳೆಯಬೇಕಾದ ಪ್ರಶ್ನೆ ಇದು. ಉತ್ತರ ಹೀಗಿದೆ. ಆರ್‌ಐಎಎ ಪ್ರಮಾಣಪತ್ರ ತಾನಾಗಿಯೇ ಬರುವುದಿಲ್ಲ. ಕಂಪನಿ ಅರ್ಜಿ ಹಾಕಬೇಕು, ಶುಲ್ಕ ಕಟ್ಟಬೇಕು, ಲೆಕ್ಕ ಪರಿಶೋಧನೆ ಆಗಬೇಕು. 12 ವರ್ಷ ಆ ಆಲ್ಬಂನ ಅಧಿಕೃತ ಅಂಕಿ ಅಲುಗಾಡದೆ ನಿಂತಿತ್ತು. ಹೊಸದಾಗಿ ಎಣಿಸಿದಾಗ ಅಷ್ಟೂ ವರ್ಷಗಳ ಬಾಕಿ ಒಟ್ಟಿಗೆ ಬಂತು. ಜೊತೆಗೆ ಆಟದ ನಿಯಮವೂ ಬದಲಾಗಿತ್ತು. 2016ರಿಂದ ಆಲ್ಬಂ ಲೆಕ್ಕಕ್ಕೆ ಸ್ಟ್ರೀಮಿಂಗ್ ಕೂಡ ಸೇರಿದೆ. ಆಲ್ಬಂನ ಹಾಡುಗಳನ್ನು ಆನ್‌ಲೈನ್‌ನಲ್ಲಿ 1,500 ಸಲ ಕೇಳಿದರೆ ಒಂದು ಆಲ್ಬಂ ಮಾರಾಟಕ್ಕೆ ಸಮ. ಅಂದರೆ ಅಂಗಡಿಯಿಂದ ಯಾರೂ ಏನೂ ಹೊತ್ತು ತಾರದೆಯೂ ಮಾರಾಟ ಏರಬಹುದು. ಇದು ಎರಡೂ ಕಡೆಯವರಿಗೆ ಅನ್ವಯವಾಗುವ ನಿಯಮ, ಮೋಸವಲ್ಲ. ಆದರೆ 1976ರ ಒಂದು ಪ್ಲಾಟಿನಂ, 2018ರ ಒಂದು ಪ್ಲಾಟಿನಂ ಒಂದೇ ಅಳತೆಯ ಸೇರಿನಲ್ಲಿ ಅಳೆದದ್ದಲ್ಲ.

ಇನ್ನೊಂದು ಉದಾಹರಣೆ. ಪಿಂಕ್ ಫ್ಲಾಯ್ಡ್ ತಂಡದ ‘ದಿ ವಾಲ್’ಗೆ 23 ಪ್ಲಾಟಿನಂ ಇದೆ. ಅದು ಎರಡು ತಟ್ಟೆಗಳ ಆಲ್ಬಂ, ಹಾಗಾಗಿ ಒಂದು ಸೆಟ್ ಹೋದರೆ ಎರಡು ಎಂದು ಎಣಿಕೆ. ಸೆಟ್‌ಗಳ ಲೆಕ್ಕ ಹಿಡಿದರೆ 1.15 ಕೋಟಿ. ಅಂಕಿ ಸುಳ್ಳಲ್ಲ. ಅಂಕಿಯ ಹಿಂದಿನ ನಿಯಮ ಗೊತ್ತಿಲ್ಲದಿದ್ದರೆ ನಾವು ಓದುವ ಅರ್ಥ ಸುಳ್ಳಾಗುತ್ತದೆ.

ಇದನ್ನೆಲ್ಲ ನಾನು ಯಾಕೆ ಹೇಳ್ತಿದ್ದೀನಿ? ಯಾಕಂದ್ರೆ ನನ್ನ ವೃತ್ತಿಯೂ ಎಣಿಕೆಯ ಮೇಲೇ ನಿಂತಿದೆ. ಪ್ರತಿ ವಾಹಿನಿಯೂ ‘ನಾವೇ ನಂಬರ್ ಒನ್’ ಅನ್ನುತ್ತದೆ. ಯಾವ ಸಮಯದಲ್ಲಿ, ಯಾವ ವಯಸ್ಸಿನವರಲ್ಲಿ, ಯಾವ ಪ್ರದೇಶದಲ್ಲಿ ಎಂಬುದು ಕೆಳಗೆ ಸಣ್ಣಕ್ಷರದಲ್ಲಿರುತ್ತದೆ. ಆಯ್ದ ಕೆಲವು ಮನೆಗಳಲ್ಲಿಟ್ಟ ಮೀಟರ್‌ಗಳಿಂದ ಇಡೀ ದೇಶದ ಲೆಕ್ಕ ತೆಗೆಯುವ ಪದ್ಧತಿ ಟಿಆರ್‌ಪಿ. 2020ರ ಅಕ್ಟೋಬರ್‌ನಲ್ಲಿ, ರೇಟಿಂಗ್ ತಿರುಚಿದ ಆರೋಪದ ಪ್ರಕರಣ ಮುಂಬೈನಲ್ಲಿ ಎದ್ದಾಗ, ಸುದ್ದಿ ವಾಹಿನಿಗಳ ವಾರದ ರೇಟಿಂಗ್ ಪ್ರಕಟಣೆಯನ್ನೇ ನಿಲ್ಲಿಸಲಾಯಿತು. ಮತ್ತೆ ಶುರುವಾಗಿದ್ದು 2022ರ ಮಾರ್ಚ್‌ನಲ್ಲಿ. ಅಷ್ಟು ದಿನ ಯಾರು ನಂಬರ್ ಒನ್? ಹೇಳುವವರೇ ಇರಲಿಲ್ಲ. ಆದರೂ ಸುದ್ದಿ ಓದುವುದು ನಿಂತಿತಾ? ನೀವು ನೋಡುವುದು ನಿಂತಿತಾ? ಇಲ್ಲ.

ಹಾಗಾದರೆ ಲೆಕ್ಕವೇ ಬೇಡವಾ? ಬೇಕು. ಲೆಕ್ಕ ಇಲ್ಲದಿದ್ದರೆ ಹಾಡಿದವನಿಗೆ ದುಡ್ಡು ಬರುವುದಿಲ್ಲ, ಬರೆದವನಿಗೆ ಪಾಲು ಸಿಗುವುದಿಲ್ಲ. ಆದರೆ ಲೆಕ್ಕವನ್ನು ಇತಿಹಾಸ ಅಂತ ಒಪ್ಪಿಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಬೇಕು. ಎಣಿಸಿದವರು ಯಾರು? ಎಣಿಸಿದ್ದು ಏನನ್ನು? ಎಣಿಸಿ ಅಂತ ಹೇಳಿದವರು ಯಾರು? ಈಗಲ್ಸ್ ವಿಷಯದಲ್ಲಿ ಎಣಿಕೆ ಮಾರುವವರ ಸಂಘದ್ದು, ನಿಯಮ ಅವರದ್ದು, ಅರ್ಜಿ ಕಂಪನಿಯದ್ದು. ಹಾಡು ಆರಿಸಿದ್ದೂ ಕಂಪನಿಯೇ.

ಕೇಳುಗರದ್ದು ಏನೂ ಇಲ್ಲವಾ? ಇದೆ. 41ರಲ್ಲೇ ನಿಂತ ಆಲ್ಬಂನ, ಸಿಂಗಲ್ ಆಗಿಯೂ ಬಾರದ ‘ಡೆಸ್ಪರಾಡೊ’ ಹಾಡನ್ನು ಉಳಿಸಿಕೊಂಡಿದ್ದು ಅವರು. ಕಂಪನಿ ಅದನ್ನು ತಟ್ಟೆಗೆ ಹಾಕಬಹುದಿತ್ತು. ಮುಳ್ಳನ್ನು ಎತ್ತಿ ಮತ್ತೆ ಅದೇ ಹಾಡಿನ ಮೇಲೆ ಇಡು ಅಂತ ಯಾರಿಗೂ ಆಜ್ಞೆ ಮಾಡಲು ಆಗುತ್ತಿರಲಿಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2017ರಲ್ಲಿ ಈ ಸಂಕಲನವನ್ನು ದೇಶ ಕಾಪಾಡಿಕೊಳ್ಳಬೇಕಾದ ಧ್ವನಿಮುದ್ರಣಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು. ಆಗ ಲೆಕ್ಕದಲ್ಲಿ ನಂಬರ್ ಒನ್ ಆಗಿದ್ದದ್ದು ‘ಥ್ರಿಲ್ಲರ್’. ಈಗಲ್ಸ್ ಎರಡನೆಯದು. ಗ್ರಂಥಾಲಯದವರು ಅದನ್ನು ನೋಡಿ ಹಿಂದೆ ಸರಿಯಲಿಲ್ಲ.

ಮುಂದಿನ ಸಲ ಯಾರಾದರೂ, ಅದು ನಾನೇ ಆಗಿರಲಿ, ಪರದೆಯ ಮೇಲೆ ದೊಡ್ಡಕ್ಷರದಲ್ಲಿ ‘ನಂಬರ್ ಒನ್’ ಅಂತ ತೋರಿಸಿದರೆ, ಕೆಳಗಿನ ಸಣ್ಣಕ್ಷರವನ್ನೂ ಒಮ್ಮೆ ಓದಿ.